ಕೆರಿಯಮ್ಮ ಮಾಡಿಸಿದ ಕಡೆಯ ಹೆರಿಗೆ

ಚಟ್ಟದ ಕಡೆಯ ಗಂಟು ಬಿಗಿಯುತ್ತಿದ್ದ ಕನ್ನಪ್ಪ ತಲೆ ಎತ್ತಿದ. ಬೇಲಿಯ ತಡಮೆಯ ಆಚೆ ಊರಿನ ಯಜಮಾನ ಮಂಜುನಾಥಪ್ಪ ನಿಂತಿದ್ದರು. ಹಗ್ಗ ಕೊಯ್ಯುತ್ತಿದ್ದ ಕತ್ತಿ ಹಿಡಿದೇ ಕನ್ನಪ್ಪ ಎದ್ದ.

"ಒಳಗೆ ಕಾಲಿಡ್ಬೇಡಿ ಅಯ್ಯಾ. ನಮ್ಮಕ್ಕನ್ನ ಕೊಂದೋರು ನೀವೇ."

ಅಂಗಳದ ಹೆಂಗಸರ ಅಳು ಗಕ್ಕನೆ ನಿಂತಿತು. ಅವರಲ್ಲಿ ಹೆಚ್ಚಿನವರ ಹೆರಿಗೆ ಮಾಡಿಸಿದವಳು ಕೆರಿಯಮ್ಮ. ಹೊಸನಗರದ ಸುತ್ತ ಮೂವತ್ತು ವರ್ಷ ಸೂಲಗಿತ್ತಿಯಾಗಿ ನಡೆದವಳು, ಎರಡು ತಿಂಗಳ ಜ್ವರಕ್ಕೆ ಬತ್ತಿ ಚಟ್ಟದ ಅರ್ಧಕ್ಕೂ ಸಾಲದ ಹಾಗೆ ಮಲಗಿದ್ದಳು.

"ಜ್ವರದೋಳನ್ನ ಗಾಡೀಲಿ ಕರ್ಕೊಂಡು ಹೋದ್ರಿ. ನಾನು ಸಾಗರದಿಂದ ಬರೋದ್ರೊಳಗೆ ಹೆಣ ತಂದು ಮಲಗ್ಸಿದ್ರಿ. ನಿಮ್ಮ ಸೊಸೇದು ಮಾತ್ರ ಜೀವಾನಾ?"

ಮಂಜುನಾಥಪ್ಪ ರುಮಾಲು ತೆಗೆದರು. "ಜ್ವರ ಅಂತ ಗೊತ್ತಿತ್ತು ಕನ್ನಪ್ಪ. ಮಗು ಅಡ್ಡ ತಿರುಗಿತ್ತು. ಡಾಕ್ಟ್ರು ಊರಲ್ಲಿರ್ಲಿಲ್ಲ, ಇನ್ಯಾರನ್ನ ಕರೀಲಿ? ಗಾಡಿ ಕಳಿಸಿದ್ದು ನಾನೇ."

ಕತ್ತಿ ಹಿಡಿದ ಕೈ ಮೇಲೆದ್ದಿತು. ಜಗಲಿಯಲ್ಲಿದ್ದ ಡಾಕ್ಟರ್ ಜಯರಾಜ ಓಡಿಬಂದು ಆ ಕೈ ಹಿಡಿದರು.

"ತಡಿ. ನಿಂಗೆ ಹೇಳ್ಬೇಡಿ ಅಂದಿದ್ಲು ನಿಮ್ಮಕ್ಕ. ಹೇಳ್ದೆ ಇದ್ದದ್ದು ನನ್ನ ತಪ್ಪು."

* * *

ಹತ್ತು ದಿನದ ಹಿಂದೆ ಕೆರಿಯಮ್ಮ ಒಬ್ಬಳೇ ಡಾಕ್ಟರ ಷಾಪಿಗೆ ಬಂದಿದ್ದಳು. ಹಲ್ಲು ಕೀಳಿಸಿದ ಮೇಲೆ ಹಿಡಿದ ಜ್ವರ ಬಿಟ್ಟೇ ಇರಲಿಲ್ಲ. ಶಿವಮೊಗ್ಗದಲ್ಲಿ ತೆಗೆಸಿದ್ದ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದ ಜಯರಾಜ ಮಾತಾಡಲಿಲ್ಲ.

"ಹೇಳಿ ಡಾಕ್ಟ್ರೇ. ಹೆರಿಗೆ ಕಷ್ಟ ಅಂತ ಕಂಡಾಗ ನಾನೂ ಹೀಗೇ ಸುಮ್ನಾಗ್ತೀನಿ."

"ಹಲ್ಲಿನ ನಂಜು ಗುಂಡಿಗೆಗೆ ಇಳಿದಿದೆ ಕೆರಿಯಮ್ಮ. ಅಲ್ಲೇ ಕೀವು ಕಟ್ಟಿರ್ಬೇಕು. ಸೈಕಲ್ ಟ್ಯೂಬು ಒಂದು ಕಡೆ ತೆಳ್ಳಗಾಗಿ ಉಬ್ಬುತ್ತಲ್ಲ, ಹಾಗೆ ಗುಂಡಿಗೆ ಉಬ್ಬಿದೆ. ಇದಕ್ಕೆ ಮದ್ದಿಲ್ಲ."

"ಮಲಗೇ ಇದ್ರೆ?"

"ಮಲಗಿದ್ರೂ ಒಡೀಬಹುದು. ಮೈ ದಣಿಸಿದ್ರೆ ಬೇಗ."

ಕೆರಿಯಮ್ಮ ತನ್ನ ಎರಡು ಕೈಗಳನ್ನೂ ತಿರುಗಿಸಿ ನೋಡಿಕೊಂಡಳು. "ನಮ್ಮ ಕನ್ನಪ್ಪಂಗೆ ಹೇಳ್ಬೇಡಿ. ಬಾಗಿಲಿಗೆ ಚಿಲಕ ಹಾಕ್ತಾನೆ. ಯಾರಾದ್ರೂ ಕರೆದ್ರೆ ನಾನು ಹೋಗ್ಬೇಕು."

* * *

ಡಾಕ್ಟರು ಮಾತು ಮುಗಿಸಿದಾಗ ಮಂಜುನಾಥಪ್ಪ ತಡಮೆಯ ಗಳು ಹಿಡಿದರು.

"ನಮ್ಗೆ ಒಂದು ಮಾತೂ ಹೇಳ್ಲಿಲ್ಲ. ಮಗೂನ ತಿರುಗ್ಸಿದ್ಲು. ಹೊಕ್ಕುಳು ಕಟ್ಟಿ, ಮೀಸಿ, ಸೊಸೆ ಕೈಗೆ ಕೊಟ್ಲು. 'ಸ್ವಲ್ಪ ಕೂರ್ತೀನಿ' ಅಂತ ಗೋಡೆಗೆ ಒರಗಿದೋಳು..."

ಕನ್ನಪ್ಪನ ಕೈಯಿಂದ ಡಾಕ್ಟರು ಕತ್ತಿ ತೆಗೆದುಕೊಂಡರು. ಅವನು ಬಿಡಿಸಿಕೊಳ್ಳಲಿಲ್ಲ. ಕೇಳಿದ:

"ಮಗು?"

"ಹೆಣ್ಣು. ಹಾಲು ಕುಡೀತಿದೆ."

ಕನ್ನಪ್ಪ ಚಟ್ಟದ ತಲೆಯ ಕಡೆ ಹೋಗಿ ನಿಂತ. ಯಾರ ಮುಖವನ್ನೂ ನೋಡದೆ ಹೇಳಿದ: "ಹಿಂದೆ ಒಂದು ಹೆಗಲು ಬೇಕು."

ಆ ಕೇರಿಯ ಹೆಣಕ್ಕೆ ಯಜಮಾನರ ಮನೆಯವರು ಯಾರೂ ಹೆಗಲು ಕೊಟ್ಟದ್ದಿಲ್ಲ. ಮಂಜುನಾಥಪ್ಪ ತಡಮೆ ದಾಟಿ ಬಂದು ಬಿದಿರಿಗೆ ಹೆಗಲು ಒಡ್ಡಿದರು. ಅವರು ಎಲ್ಲರಿಗಿಂತ ಎತ್ತರ. ಚಟ್ಟ ಒಂದು ಕಡೆಗೆ ವಾಲಿತು.

"ಅಕ್ಕ ಜಾರ್ತಾಳೆ," ಎಂದ ಕನ್ನಪ್ಪ.

ಮಂಜುನಾಥಪ್ಪ ಮಂಡಿ ಬಾಗಿಸಿದರು, ಬೆನ್ನು ಬಗ್ಗಿಸಿದರು. ಚಟ್ಟ ಸಮನಾಯಿತು. ಗದ್ದೆಯ ಅಂಚಿನಲ್ಲಿ, ಉದ್ದಕ್ಕೂ ನಿಂತು ನೋಡುತ್ತಿದ್ದ ತಮ್ಮ ಒಕ್ಕಲುಗಳ ಮುಂದೆ, ಅವರು ಹಾಗೆಯೇ ಬಗ್ಗಿ ನಡೆದರು.