ಅಲಗಿನ ಮೊದಲ ಕೆಲಸ

ಕತ್ತರಿ ಸಿಗಲಿಲ್ಲ. ಅಡುಗೆಮನೆಯ ಡ್ರಾಯರಿನಲ್ಲಿ ಇಲ್ಲ, ಹೊಲಿಗೆ ಡಬ್ಬಿಯಲ್ಲಿ ಇಲ್ಲ, ಹಳೆಯ ಪತ್ರಿಕೆಗಳ ಕೆಳಗೂ ಇಲ್ಲ. ಹೆಂಡತಿ ಪಾರ್ಸೆಲ್ಲನ್ನು ಮಡಿಲಲ್ಲಿಟ್ಟುಕೊಂಡು ಕಾದು ಕೂತಿದ್ದಳು. ಸಂಜೆಯ ಸಮಾರಂಭಕ್ಕೆಂದು ತರಿಸಿದ ಚಪ್ಪಲಿ ಅದರೊಳಗಿತ್ತು. ಮೇಲೆ ಮೂರು ಸುತ್ತು ಅಂಟುಪಟ್ಟಿ.

"ನಲವತ್ತೊಂದು ಚಾಕು ಇಟ್ಕೊಂಡಿದೀರಿ," ಎಂದಳು. "ಒಂದು ಕೊಡಿ ಅಂದ್ರೆ ಕತ್ತರಿ ಹುಡುಕ್ತೀರಿ."

"ಅಂಟು ಕಣೆ. ಅಲಗಿಗೆ ಹತ್ತಿದ್ರೆ ಹೋಗಲ್ಲ."

"ಸರಿ."

ಪಾರ್ಸೆಲ್ಲಿನ ಮೂಲೆಯನ್ನು ಬಾಯಿಗೆ ಕೊಟ್ಟು ಹಲ್ಲಿನಿಂದ ಹರಿದಳು. ಇಪ್ಪತ್ತು ವರ್ಷ ಸಂಸಾರ ಮಾಡಿ ಅವನು ತಿಳಿದುಕೊಂಡದ್ದೆಂದರೆ ಅವಳ 'ಸರಿ'ಯ ಅರ್ಥ: ವಾದ ಮುಗಿಯಿತು, ನೀವು ಸೋತಿರಿ, ನಾನು ಅದನ್ನು ಎತ್ತಿ ಆಡುವುದಿಲ್ಲ. ಅವಳು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ದಿನಕ್ಕೆ ಅರವತ್ತು ಜನರ ತೋಳಿಗೆ ಸೂಜಿ ಚುಚ್ಚುವವಳು. ಅವಳ ಪಾಲಿಗೆ ಸಲಕರಣೆ ಎಂದರೆ ಉಪಯೋಗಿಸಿ ಬುಟ್ಟಿಗೆ ಹಾಕುವ ವಸ್ತು.

ನಲವತ್ತೊಂದೂ ಮಡಚುವ ಚಾಕುಗಳು, ನಲವತ್ತೊಂದೂ ಕೈಯಿಂದ ಮಾಡಿದವು. ಮೆತ್ತನೆಯ ಬಟ್ಟೆ ಹಾಸಿದ ಮೂರು ಡ್ರಾಯರುಗಳಲ್ಲಿ ಮಲಗಿರುತ್ತಿದ್ದವು. ತಿಂಗಳ ಮೊದಲ ಭಾನುವಾರ ಒಂದೊಂದನ್ನೇ ತೆಗೆದು, ಬಿಚ್ಚಿ, ಒರೆಸಿ, ಸಂದಿಗೆ ಒಂದು ತೊಟ್ಟು ಎಣ್ಣೆ ಬಿಟ್ಟು, ಮಡಚಿ ಮತ್ತೆ ಮಲಗಿಸುತ್ತಿದ್ದ. ಮಗಳು ಚಿಕ್ಕವಳಿದ್ದಾಗ ಒಮ್ಮೆ ಪೆನ್ಸಿಲ್ ಚೂಪು ಮಾಡಿಕೊಡು ಎಂದು ಬಂದಿದ್ದಳು. ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕೈಕೆಲಸದ ಘನತೆಯ ಬಗ್ಗೆ ಅರ್ಧ ಗಂಟೆ ಹೇಳಿದ್ದ. ಮಗು ಪಕ್ಕದ ಮನೆಗೆ ಹೋಗಿ ಚೂಪು ಮಾಡಿಸಿಕೊಂಡು ಬಂದಿತು. ಈಗ ಹಾಸ್ಟೆಲಿನಲ್ಲಿದ್ದಾಳೆ. ಫೋನ್ ಮಾಡಿದಾಗ ಅಪ್ಪನ ಆರೋಗ್ಯದ ಜೊತೆಗೆ ಚಾಕುಗಳ ಆರೋಗ್ಯವನ್ನೂ ವಿಚಾರಿಸುತ್ತಾಳೆ. ತಮಾಷೆ ಎಂದು ಅವನಿಗೆ ಗೊತ್ತಾಗುತ್ತದೆ. ಆದರೂ ವಿವರವಾಗಿ ಉತ್ತರ ಕೊಡುತ್ತಾನೆ.

ನಲವತ್ತು ಚಾಕುಗಳು ನಿನ್ನೆಯೇ ಕ್ಲಬ್ಬಿಗೆ ಹೋಗಿ ಗಾಜಿನ ಪೆಟ್ಟಿಗೆಯೊಳಗೆ ಕೂತಿದ್ದವು. ಇವತ್ತು ಸಂಜೆ ಅಲ್ಲಿ ಕರಕುಶಲ ಪ್ರದರ್ಶನ. ಉದ್ಘಾಟನೆ ಅವನದು. ರಿಬ್ಬನ್ ಕತ್ತರಿಸಲು ತಟ್ಟೆಯಲ್ಲಿ ಕತ್ತರಿ ಇಟ್ಟು ತರಿಸುತ್ತೇನೆ ಎಂದಿದ್ದರು ಕ್ಲಬ್ಬಿನ ಅಧ್ಯಕ್ಷರು. ಕಾರ್ಖಾನೆಯ ಕತ್ತರಿಯಿಂದ ಕೈಕೆಲಸದ ಪ್ರದರ್ಶನ ಉದ್ಘಾಟಿಸುವುದೇ ಎಂದು ಅವನು ತಕರಾರು ತೆಗೆದ. ಅಧ್ಯಕ್ಷರಿಗೆ ತಲೆನೋವು ಬೇಕಿರಲಿಲ್ಲ, ನಿಮ್ಮಿಷ್ಟ ಎಂದುಬಿಟ್ಟರು.

ಹಾಗಾಗಿ ನಲವತ್ತೊಂದನೆಯ ಚಾಕು ಅವನ ಬಲಜೇಬಿನಲ್ಲಿ ಉಳಿಯಿತು. ಕೊಂಬಿನ ಹಿಡಿ, ಹಿತ್ತಾಳೆಯ ಮೊಳೆ, ಬಿಚ್ಚಿದರೆ 'ಟಕ್' ಎಂದು ನಿಲ್ಲುವ ಅಲಗು. ಹನ್ನೊಂದು ವರ್ಷದ ಹಿಂದೆ ಮಾಡಿದವನ ಕೈಯಿಂದಲೇ ಪಡೆದದ್ದು. ಅದರ ಬಗ್ಗೆ ಅವನು ಒಂದು ಮಾಸಪತ್ರಿಕೆಗೆ ಲೇಖನವನ್ನೂ ಬರೆದಿದ್ದ. ಅವನ ಹೆಸರು ಅಚ್ಚಾದದ್ದು ಅದೊಂದೇ ಸಲ. ಸಂಜೆ ಹೇಳಬೇಕಾದ ಮಾತನ್ನು ಬಚ್ಚಲಮನೆಯ ಕನ್ನಡಿಯ ಮುಂದೆ ಬಾಯಿಪಾಠ ಮಾಡಿಕೊಂಡಿದ್ದ: ಹನ್ನೊಂದು ವರ್ಷದಿಂದ ಈ ಅಲಗು ಏನನ್ನೂ ಕತ್ತರಿಸಿಲ್ಲ, ಇವತ್ತು ಇದರ ಮೊದಲ ಕೆಲಸ. 'ಕತ್ತರಿಸಿಲ್ಲ' ಎಂದ ಮೇಲೆ ಸ್ವಲ್ಪ ತಡೆಯಬೇಕು. ಜನ ತಲೆಯೆತ್ತುತ್ತಾರೆ.

ಮಧ್ಯಾಹ್ನದವರೆಗೆ ಕಚೇರಿ. ಮಾರುಕಟ್ಟೆಗೆ ಬರುವ ಸಾಮಾನುಗಳಿಗೆ ಗುಣಮಟ್ಟದ ಪ್ರಮಾಣಪತ್ರ ಕೊಡುವುದು ಅಲ್ಲಿಯ ಕೆಲಸ. ಸಾಮಾನು ಅವನ ಮೇಜಿಗೆ ಬರುವುದಿಲ್ಲ, ಅದರ ವರದಿ ಬರುತ್ತದೆ. ಎರಡು ಬಗೆಯ ಇಸ್ತ್ರಿಪೆಟ್ಟಿಗೆಗೂ ಒಂದು ಏಣಿಗೂ ಸಹಿ ಹಾಕಿ, ಅರ್ಧ ದಿನ ರಜೆ ಬರೆದುಕೊಟ್ಟು ಹೊರಟ. ಚಾಕು ಮಾಡಿದ ಯಜಮಾನರನ್ನು ಸಂಜೆಗೆ ಕರೆಯಬೇಕು. ಹಾಗೆಯೇ ಅಲಗನ್ನೊಮ್ಮೆ ಅವರ ಕೈಗೆ ಕೊಟ್ಟು ಒರೆಸಿಸಿಕೊಳ್ಳಬೇಕು. ಭಾಷಣದಲ್ಲಿ ಸೇರಿಸಬಹುದು.

ಹನ್ನೊಂದು ವರ್ಷದಲ್ಲಿ ಆ ಕಡೆ ತಲೆ ಹಾಕಿರಲಿಲ್ಲ. ಕುಶಲಕರ್ಮಿಯನ್ನು ದೂರದಿಂದ ಗೌರವಿಸಬೇಕೆಂಬುದು ಅವನ ಸಿದ್ಧಾಂತ. ಹತ್ತಿರ ಹೋದರೆ ಹೊಗೆ, ಕೆಮ್ಮು, ಕೂರಲು ಜಾಗವಿಲ್ಲದಿರುವುದು.

ಟೈರ್ ಅಂಗಡಿಗೂ ಬೀಗದ ಕೈ ಮಾಡುವವನಿಗೂ ನಡುವೆ ಕಾರ್ಯಾಗಾರ ಹಾಗೆಯೇ ಇತ್ತು. ಬಾಗಿಲ ಬಳಿ ಯಜಮಾನರ ಮಗಳು, ನಡುವಯಸ್ಸಿನವಳು, ಹೋಟೆಲಿನವರ ದೊಡ್ಡ ಚಾಕುಗಳನ್ನು ಸಾಣೆಕಲ್ಲಿಗೆ ಹಿಡಿದಿದ್ದಳು. ಒಳಗೆ ಯಜಮಾನರು ಸ್ಟೂಲಿನ ಮೇಲೆ ಕೂತಿದ್ದರು. ಕೈ ನಡುಗುತ್ತಿತ್ತು. ಅವನು ಜೇಬಿನಿಂದ ಚಾಕು ತೆಗೆದು ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದ.

ಮುದುಕ ಚಾಕುವನ್ನು ನೋಡಿದರು. ಆಮೇಲೆ ಅವನ ಮುಖ ನೋಡಿದರು.

"ಬಂದ್ರಾ," ಎಂದರು.

"ನನ್ನ ನೆನಪಿದೆಯಾ ಯಜಮಾನ್ರೇ?"

"ಮರೆಯೋದು ಹೇಗೆ. ಕೂತ್ಕೊಳ್ಳಿ."

ಕೂರಲು ಏನೂ ಇರಲಿಲ್ಲ. ನಿಂತೇ ಇದ್ದ. ಎದೆಯುಬ್ಬಿತು, ಸಾವಿರ ಗಿರಾಕಿಗಳ ನಡುವೆ ತನ್ನ ನೆನಪು ಉಳಿದಿದೆ. ಗೋಡೆ ಕಡೆ ನೋಡಿದರೆ ಅಲ್ಲಿ ಅವನ ಲೇಖನವೇ ಅಂಟಿಕೊಂಡಿತ್ತು, ಎಣ್ಣೆ ಕುಡಿದು ಹಳದಿಯಾಗಿ. ಒಂದು ಸಾಲಿನ ಕೆಳಗೆ ಪೆನ್ಸಿಲಿನ ಗೆರೆ: 'ಈ ಅಲಗಿನಲ್ಲಿ ಒಂದೇ ಒಂದು ದೋಷವಿಲ್ಲ.' ಅವನು ಅದನ್ನು ಎರಡು ಸಲ ಓದಿಕೊಂಡ.

ಮುದುಕ ಚಾಕು ಬಿಚ್ಚಿದರು. ಒಲೆಯ ಪಕ್ಕದಿಂದ ಸೌದೆಯ ಚೂರೊಂದನ್ನು ಎತ್ತಿಕೊಂಡರು.

"ಅಯ್ಯೋ, ಬೇಡಿ," ಎಂದ ಅವನು. "ಇವತ್ತು ಸಂಜೆ..."

ಮುದುಕ ಸೌದೆಯ ಮೇಲೆ ಒಂದು ಸಲ ಎಳೆದರು. ಸಿಪ್ಪೆ ಸುರುಳಿಯಾಗಿ ಬಂತು. ಎರಡನೆಯ ಸಲ ಚಿಕ್ಕ ಸುರುಳಿ. ಮೂರನೆಯ ಸಲ ಅಲಗು ಸುಮ್ಮನೆ ಜಾರಿತು. ಅಂಚನ್ನು ಬೆಳಕಿಗೆ ಹಿಡಿದು ತೋರಿಸಿದರು.

"ನೋಡಿ. ಬಾಯಿ ಮಡಚಿಕೊಂಡಿದೆ."

ಅವನು ನೋಡಿದ. ಏನೂ ಕಾಣಿಸಲಿಲ್ಲ. ಹೌದೆಂದು ತಲೆಯಾಡಿಸಿದ.

"ಇದು ಅಳತೆ ನೋಡೋಕೆ ಮಾಡಿಟ್ಕೊಂಡಿದ್ದ ಮಾದರಿ," ಎಂದರು ಮುದುಕ. "ಹಿಡಿಯಲ್ಲಿ ಸರಿಯಾಗಿ ಕೂರುತ್ತಾ, ಮಡಚುತ್ತಾ, ಅಂತ ನೋಡೋಕೆ. ಬೆಂಕಿಗೆ ಹಾಕಿ ಎಣ್ಣೆಗೆ ಅದ್ದಿ ಗಡಸು ಮಾಡಿಲ್ಲ ಇದನ್ನ. ಗಡಸು ಮಾಡಿದ್ದು ಬೇರೆ ಇತ್ತು, ಪಕ್ಕದಲ್ಲೇ. ಅವತ್ತು ನೀವು ಇಲ್ಲೇ ನಿಂತು ಮಾತಾಡ್ತಾ ಇದ್ರಿ. ಕೈಕೆಲಸ, ಅದು ಇದು. ನಿಲ್ಲಿಸ್ಲೇ ಇಲ್ಲ. ನಾನು ಹೂಂ ಹೂಂ ಅನ್ಕೊಂಡು ಮಾದರೀನೇ ಕೂರಿಸಿ ಮೊಳೆ ಹೊಡೆದುಬಿಟ್ಟೆ."

ಸಾಣೆಕಲ್ಲು ನಿಂತಿತು. ಮಗಳು ಕೇಳಿಸಿಕೊಳ್ಳುತ್ತಿದ್ದಳು.

"ಅವತ್ತು ಸಂಜೆ ಮೊಳೆ ತಟ್ಟೆ ನೋಡ್ದೆ, ನಿಜವಾದ್ದು ಅಲ್ಲೇ ಇದೆ. ನಿಮ್ಮ ವಿಳಾಸ ಇಲ್ಲ. ಸರಿ, ನಾಲ್ಕು ಹಣ್ಣು ಹೆಚ್ಚಿದ್ರೆ ಗೊತ್ತಾಗುತ್ತೆ, ಬೈಕೊಂಡು ಬರ್ತಾರೆ ಅಂತ ಕಾದೆ. ವಾರ ಆಯ್ತು. ವರ್ಷ ಆಯ್ತು. ತೀರಿಹೋದ್ರೇನೋ ಅಂದ್ಕೊಂಡೆ."

"ಇಲ್ಲ," ಎಂದ ಅವನು. ಹೇಳಿದ ಮೇಲೆ ಎಂಥ ಉತ್ತರ ಎನಿಸಿತು.

"ಆಮೇಲೆ ಇವಳು ಈ ಪತ್ರಿಕೆ ತಂದು ಓದಿದ್ಲು. ಒಂದೇ ಒಂದು ದೋಷ ಇಲ್ಲ, ಅಂತ. ನನಗೆ ಅನ್ನ ಇಳೀಲಿಲ್ಲ ಸಾರ್. ಎಷ್ಟು ಮರ್ಯಾದೆಯಿಂದ ಬೈದಿದಾರೆ ಅಂತ. ನಿಮ್ಮ ವಿಳಾಸ ಕೇಳಿ ಪತ್ರಿಕೆಯವರಿಗೆ ಕಾಗದ ಬರೆಯೋಣ ಅಂದ್ಲು ಇವಳು. ನಾನೇ ಬೇಡ ಅಂದೆ. ಇಷ್ಟು ಚೆನ್ನಾಗಿ ಬೈಯೋರು ತಾವಾಗೇ ಬರ್ತಾರೆ ಅಂದೆ. ಗೊತ್ತಾಗಿತ್ತು ಅಲ್ವಾ ನಿಮಗೆ?"

ಇಬ್ಬರೂ ಅವನನ್ನೇ ನೋಡುತ್ತಿದ್ದರು. ಗೊತ್ತಿರಲಿಲ್ಲ ಎಂದರೆ ಹನ್ನೊಂದು ವರ್ಷ ಪೂಜಿಸಿದ್ದು ಏನನ್ನು ಎಂಬ ಪ್ರಶ್ನೆ ಏಳುತ್ತದೆ. ಗೊತ್ತಿತ್ತು ಎಂದರೆ ಕೆಟ್ಟವನಾಗುತ್ತೇನೆ, ಆದರೆ ಬಲ್ಲವನಾಗಿ ಉಳಿಯುತ್ತೇನೆ. ಲೆಕ್ಕ ಹಾಕಲು ಅವನಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

"ಗೊತ್ತಿತ್ತು," ಎಂದ.

"ಮತ್ತೆ ಯಾಕೆ ಬರ್ಲಿಲ್ಲ?"

"ಕೆಲಸ ಜಾಸ್ತಿ."

ಮುದುಕ ಸುಮ್ಮನೆ ತಲೆಯಾಡಿಸಿದರು. ಮಗಳು ಮಾತ್ರ ಅವನ ಕೈಗಳನ್ನು ನೋಡಿದಳು. ಬೆರಳಿನಲ್ಲಿ ಒಂದು ಗಾಯದ ಗುರುತಿಲ್ಲದ, ಸಹಿ ಹಾಕುವ ಕೈಗಳು. ಅವಳಿಗೆ ಎಲ್ಲಾ ಅರ್ಥವಾಯಿತೆಂದು ಅವನಿಗೆ ಅನ್ನಿಸಿತು. ನಾಚಿಕೆಯಾಯಿತು. ನಾಚಿಕೆಯ ಬೆನ್ನಿಗೇ ಸಿಟ್ಟು ಬಂತು, ಯಾರ ಮೇಲೆಂದು ತಿಳಿಯಲಿಲ್ಲ.

ಮುದುಕ ಮೊಳೆಗಳ ತಟ್ಟೆಯೊಳಗೆ ಕೈಯಾಡಿಸಿ ಒಂದು ಅಲಗು ತೆಗೆದರು. ಹಿಡಿಯಿಲ್ಲ, ಬರೀ ಅಲಗು. ತುಕ್ಕಿರಲಿಲ್ಲ, ಯಾರೋ ತಪ್ಪದೆ ಒರೆಸಿಟ್ಟಿದ್ದರು. ಚಿಂದಿ ಬಟ್ಟೆ ಸುತ್ತಿ ಹಿಡಿದುಕೊಂಡು ಅದೇ ಸೌದೆಯ ಮೇಲೆ ಎಳೆದರು. ಇಪ್ಪತ್ತು ಸಲ ಎಳೆದರೂ ಸುರುಳಿಗಳು ಒಂದೇ ಸಮನೆ ಬಿದ್ದವು.

"ಇದು ನಿಮ್ಮದು. ಅರ್ಧ ಗಂಟೆ ಕೂತಿದ್ರೆ ಇವಳು ಮೊಳೆ ಬಿಚ್ಚಿ ಇದನ್ನ ಕೂರಿಸ್ತಾಳೆ. ನನ್ನ ಕೈಯಲ್ಲಾಗಲ್ಲ ಈಗ."

ಸಂಜೆಗೆ ಇನ್ನೂ ಮೂರು ಗಂಟೆಯಿತ್ತು. ಅರ್ಧ ಗಂಟೆ ಯಾವ ದೊಡ್ಡ ವಿಷಯ. ಕೂರಿಸಿಕೊಂಡರೆ ಚಾಕು ಚಾಕುವಾಗುತ್ತದೆ, ರಿಬ್ಬನ್ ಕತ್ತರಿಸುತ್ತದೆ, ಈ ಮುದುಕ ಇವತ್ತಾದರೂ ನೆಮ್ಮದಿಯಾಗಿ ಊಟ ಮಾಡುತ್ತಾರೆ. ಹೂಂ ಎನ್ನಲು ಬಾಯಿ ತೆರೆದ.

"ಬೇಡ," ಎಂದ. "ಮೊಳೆ ಬಿಚ್ಚಿದ್ರೆ ಅದು ಒರಿಜಿನಲ್ ಅಲ್ಲ. ಸಂಗ್ರಹಕಾರರ ಲೋಕದಲ್ಲಿ ರಿಪೇರಿ ಮಾಡಿದ್ದಕ್ಕೆ..." ಮುಂದಿನ ಮಾತು ಅವನಿಗೇ ಕೇಳಿಸದಷ್ಟು ಸಣ್ಣದಾಯಿತು.

"ಏನು ಕತ್ತರಿಸ್ತೀರಿ ಇದರಲ್ಲಿ?" ಮಗಳು ಮೊದಲ ಸಲ ಬಾಯಿ ಬಿಟ್ಟಳು.

"ರಿಬ್ಬನ್. ಬರೀ ರಿಬ್ಬನ್."

"ರಿಬ್ಬನ್ ಸುಲಭ ಅಂದ್ಕೋಬೇಡಿ. ಜೋತಾಡೋ ಬಟ್ಟೆ ಅದು. ಮಡಚಿದ ಬಾಯಿಗೆ ಸಿಗಲ್ಲ. ಒಂದ್ನಿಮಿಷ ಕೊಡಿ, ಕಲ್ಲಿಗಾದ್ರೂ ಹಿಡೀತೀನಿ."

ಅವನು ಆಗಲೇ ಚಾಕು ಮಡಚಿ ಜೇಬಿಗೆ ಹಾಕಿಕೊಂಡಿದ್ದ. ಸಂಜೆಗೆ ಬನ್ನಿ ಎಂದು ಕರೆಯುವುದು ಮರೆತೇಹೋಗಿತ್ತು. ಹೊರಡುವಾಗ ಮುದುಕ ಹಿಡಿಯಿಲ್ಲದ ಅಲಗನ್ನು ಕಾಗದದಲ್ಲಿ ಸುತ್ತಿ, ಅವನ ಎಡಜೇಬಿಗೆ ಇಳಿಸಿದರು.

"ಹನ್ನೊಂದು ವರ್ಷ ಕಾದಿದೀನಿ ಇದನ್ನ. ಇನ್ನು ನಿಮ್ಮ ಹತ್ರ ಇರ್ಲಿ," ಎಂದರು.

ಕ್ಲಬ್ಬಿಗೆ ಹೋಗುವ ಟ್ಯಾಕ್ಸಿಯಲ್ಲಿ ಹೆಂಡತಿ ಹೊಸ ಚಪ್ಪಲಿ ನೋಡಿಕೊಳ್ಳುತ್ತಾ ಕೇಳಿದಳು, "ಏನಂದ್ರು ಯಜಮಾನ್ರು?"

"ಬರೋಕಾಗಲ್ವಂತೆ."

"ಚಾಕು ನೋಡಿ ಏನಂದ್ರು?"

"ಖುಷಿಪಟ್ರು."

ಅವಳು ಅವನನ್ನು ಒಂದು ಕ್ಷಣ ನೋಡಿದಳು. "ಸರಿ," ಎಂದಳು.

ಕ್ಲಬ್ಬಿನ ಸಭಾಂಗಣದ ಬಾಗಿಲಿಗೆ ಅಡ್ಡಲಾಗಿ ಕೆಂಪು ರಿಬ್ಬನ್ ಕಟ್ಟಿದ್ದರು. ಕಟ್ಟಿದವರು ಬಿಗಿಯಾಗಿ ಕಟ್ಟಿರಲಿಲ್ಲ. ನಡುವೆ ಜೋಲು ಬಿದ್ದಿತ್ತು. ಅರವತ್ತು ಎಪ್ಪತ್ತು ಜನ ಸೇರಿದ್ದರು. ಒಳಗಿನಿಂದ ಕಾಫಿಯ ವಾಸನೆ ಬರುತ್ತಿತ್ತು. ಅಧ್ಯಕ್ಷರು ಅವನನ್ನು ನಾಡಿನಲ್ಲೇ ಅಪರೂಪದ ಕಣ್ಣುಳ್ಳವರು ಎಂದು ಪರಿಚಯಿಸಿದರು.

"ಹನ್ನೊಂದು ವರ್ಷದಿಂದ," ಎಂದ ಅವನು, "ಈ ಅಲಗು ಏನನ್ನೂ ಕತ್ತರಿಸಿಲ್ಲ."

ತಡೆದ. ಜನ ತಲೆಯೆತ್ತಿದರು. ಕನ್ನಡಿಯ ಮುಂದೆ ಅಂದುಕೊಂಡ ಹಾಗೆಯೇ ಎಲ್ಲಾ ನಡೆಯುತ್ತಿತ್ತು.

"ಇವತ್ತು ಇದರ ಮೊದಲ ಕೆಲಸ."

ಟಕ್ ಎಂದು ಬಿಚ್ಚಿತು. ಎಷ್ಟು ಚಂದದ ಶಬ್ದ ಎಂದು ಆಗಲೂ ಅನ್ನಿಸಿತು. ರಿಬ್ಬನಿನ ಮೇಲಿಟ್ಟು ಎಳೆದ. ರಿಬ್ಬನ್ ಅಲಗಿನ ಮೇಲೆ ಮಡಚಿಕೊಂಡು ಕೂತಿತು. ಇನ್ನೊಮ್ಮೆ ಎಳೆದ. ಮತ್ತೊಮ್ಮೆ. ಹಿಂದಿನ ಸಾಲಿನಲ್ಲಿ ಯಾರೋ, ರಿಬ್ಬನ್ ಸರಿಯಾಗಿ ಕಾಣಿಸದೆ, ಚಪ್ಪಾಳೆ ಶುರು ಮಾಡಿದರು. ಉಳಿದವರು ಸೇರಿಕೊಂಡರು. ಎಲ್ಲರೂ ಮನಸಾರೆ ಚಪ್ಪಾಳೆ ತಟ್ಟಿ ಮುಗಿಸಿದರು. ರಿಬ್ಬನ್ ಅಲ್ಲೇ ಇತ್ತು.

"ಪರವಾಗಿಲ್ಲ, ನೀವು ನಿಧಾನಕ್ಕೆ ಮಾಡಿ," ಎಂದರು ಅಧ್ಯಕ್ಷರು, ಬಹಳ ಮೆಲ್ಲಗೆ. "ಕಾಫಿ ತಣ್ಣಗಾಗುತ್ತೆ."

ಅವರು ತಲೆ ಬಗ್ಗಿಸಿ ರಿಬ್ಬನಿನ ಕೆಳಗೆ ನುಸುಳಿ ಒಳಗೆ ಹೋದರು. ಅವರ ಹಿಂದೆ ಕಾರ್ಯದರ್ಶಿ ಹೋದರು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ, ಅವನಿಗೆ ಕ್ಷಮಿಸಿ, ಕ್ಷಮಿಸಿ ಎನ್ನುತ್ತಾ, ಸೊಂಟ ಬಗ್ಗಿಸಿ ಹೋದರು. ಮೊಣಕಾಲು ನೋವಿನ ಹೆಂಗಸೊಬ್ಬರಿಗೆ ದಾರಿಯಾಗಲೆಂದು ಅವನೇ ರಿಬ್ಬನ್ ಎತ್ತಿ ಹಿಡಿದ.

ಕೊನೆಗೆ ಹೆಂಡತಿ ಉಳಿದಳು. ಕೈಚೀಲದ ಜಿಪ್ಪನ್ನು ಅರ್ಧ ತೆಗೆದು ಅವನ ಕಡೆ ತಿರುಗಿಸಿದಳು. ಒಳಗೆ ಹೊಸ ಕತ್ತರಿ, ಅಂಗಡಿಯ ಚೀಟಿಯೂ ಕಿತ್ತಿರಲಿಲ್ಲ. ಲ್ಯಾಬಿನಿಂದ ಬರುವಾಗ ತಂದಿರಬೇಕು. ತಗೊಳ್ಳಬೇಕೆಂದು ಅವನಿಗೆ ತುಂಬಾ ಆಸೆಯಾಯಿತು. ಬೇಡವೆಂದು ತಲೆಯಾಡಿಸಿದ.

ಅವಳು ಜಿಪ್ಪು ಎಳೆದು ತಲೆ ಬಗ್ಗಿಸಿ ಒಳಗೆ ಹೋದಳು. ಹೊಸ ಚಪ್ಪಲಿಯ ಸದ್ದು ಕೇಳುತ್ತಾ ಕೇಳುತ್ತಾ ಗದ್ದಲದಲ್ಲಿ ಸೇರಿಹೋಯಿತು.

ಒಳಗೆ ದೀಪ ಹೊತ್ತಿಸಿದರು. ಗಾಜಿನ ಪೆಟ್ಟಿಗೆಯಲ್ಲಿ ನಲವತ್ತು ಅಲಗುಗಳು ಹೊಳೆದವು. ಜನ ಲೋಟ ಹಿಡಿದುಕೊಂಡು ಅವುಗಳ ಮೇಲೆ ಬಗ್ಗಿ ನೋಡುತ್ತಿದ್ದರು. ಅವನ ಎಡಗೈ ಜೇಬಿನೊಳಗೆ ಕಾಗದದ ಸುರುಳಿಯನ್ನು ಹಿಡಿದಿತ್ತು. ಒಂದು ಬೆರಳು ಮುಂದೆ ಸರಿದರೆ ಅಂಚು ತಾಗುತ್ತದೆ, ಸರಿಸಲಿಲ್ಲ. ಬಲಗೈ ಎಳೆಯುತ್ತಲೇ ಇತ್ತು. ಅಲಗು ಆ ಕಡೆ ಹೋದರೆ ರಿಬ್ಬನ್ ಆ ಕಡೆ ಹೋಗುತ್ತಿತ್ತು, ಈ ಕಡೆ ಬಂದರೆ ಈ ಕಡೆ ಬರುತ್ತಿತ್ತು.