ಹನ್ನೊಂದನೆಯ ದಿನದ ಕಡತ

ಬೆಳಿಗ್ಗೆ ಒಂಬತ್ತಕ್ಕೆ ಲಾಡ್ಜಿನ ಕೋಣೆಯಲ್ಲಿ ಕಚೇರಿಯ ಲ್ಯಾಪ್‌ಟಾಪಿನ ಗುಂಡಿ ಒತ್ತಿದೆ. ಏನೂ ಆಗಲಿಲ್ಲ. ಚಾರ್ಜರ್ ಬದಲಿಸಿದೆ, ಪ್ಲಗ್ ಬದಲಿಸಿದೆ, ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಪ್ರತಿಯೊಂದನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಆರನೆಯ ಸಾಲಿನಲ್ಲೂ 'ಬೆಳಕಿಲ್ಲ' ಎಂದೇ ಬರೆದೆ.

ಅದರೊಳಗೆ ಸೇತುವೆಯೊಂದರ ಹನ್ನೊಂದು ದಿನಗಳ ಅಳತೆಗಳಿದ್ದವು. ಕಲ್ಲು ತುಂಬಿದ ಲಾರಿಗಳನ್ನು ದಿನದಿನಕ್ಕೂ ಹೆಚ್ಚಿಸುತ್ತ ಸೇತುವೆಯ ಮೇಲೆ ನಿಲ್ಲಿಸಿ, ಅದು ಎಷ್ಟು ಬಾಗುತ್ತದೆಂದು ಅಳೆಯುವುದು ನನ್ನ ಕೆಲಸ. ಪೂರ್ತಿ ಭಾರ ನಿಂತದ್ದು ಕೊನೆಯ ದಿನ, ನಿನ್ನೆ. ಸಂಜೆಯೇ ಲಾರಿಗಳು ಹೊರಟುಹೋದವು. ಮತ್ತೆ ಸಿಗುವುದು ಮುಂದಿನ ವರ್ಷ. ಈ ಅಳತೆಗಳು ಹೋದರೆ ಅಲ್ಲಿಯವರೆಗೆ ಸೇತುವೆ ಮುಚ್ಚಿಯೇ ಇರುತ್ತದೆ. ಆಚೆ ದಡದವರು ಎರಡು ಗಂಟೆ ಸುತ್ತು ಹಾಕಿಕೊಂಡೇ ಆಸ್ಪತ್ರೆಗೆ ಬರಬೇಕು.

"ಪೆನ್‌ಡ್ರೈವಲ್ಲಿ ಇನ್ನೊಂದು ಕಾಪಿ ಇರತ್ತಲ್ಲ?" ಎಂದರು ಭಾವ. ಅಕ್ಕನ ಗಂಡ, ನಮ್ಮ ಅಳತೆಯ ವ್ಯಾನ್ ಓಡಿಸುವವರೂ ಅವರೇ.

"ಇಲ್ಲ."

"ಇಲ್ಲ ಅಂದ್ರೆ?"

ತಾಳೆ ನೋಡದ ಅಂಕಿಯನ್ನು ಎರಡನೆಯ ಕಡೆ ಇಡಬಾರದು, ತಪ್ಪು ಇಮ್ಮಡಿಯಾಗುತ್ತದೆ. ಮೂರು ವರ್ಷದ ಹಿಂದೆ ನಮ್ಮ ವಿಭಾಗಕ್ಕೆ ಈ ನಿಯಮ ಬರೆದವಳು ನಾನೇ. ಇವತ್ತು ಕೂತು ತಾಳೆ ನೋಡುವವಳಿದ್ದೆ.

"ಭೇಷ್! ಬಲೆ ಹೆಣೆದೋಳೇ ಬಲೆಗೆ ಬಿದ್ಲು," ಎಂದರು ಭಾವ.

ಕಚೇರಿಗೆ ಫೋನ್ ಮಾಡಿದೆ. ಅಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನನ್ನು ನಾವೆಲ್ಲ ಟಿಕೆಟ್ ಮಾಮ ಎನ್ನುತ್ತೇವೆ; ಏನು ಕೇಳಿದರೂ ಮೊದಲು ಟಿಕೆಟ್, ಅಂದರೆ ಆನ್‌ಲೈನಿನಲ್ಲಿ ದೂರು, ಹಾಕಿ ಎನ್ನುತ್ತಾನೆ.

"ನಾಲ್ಕು ಗಂಟೆಗೆ ಹೊಸದು ನಿಮ್ಮ ಲಾಡ್ಜಿಗೇ ಬರುತ್ತೆ ಮೇಡಂ. ಹಳೇದು ಕೊಟ್ಬಿಡಿ."

"ಹಳೇದರಲ್ಲಿ ಇರೋದು?"

"ಅಳಿಸಿಬಿಡ್ತಾರೆ."

"ಇಲ್ಲೇ ರಿಪೇರಿ ಮಾಡಿಸಿದ್ರೆ?"

"ಹೊರಗಿನೋರು ಸೀಲ್ ಮುಟ್ಟೋ ಹಾಗಿಲ್ಲ. ಬೇಕಾದ್ರೆ ಅನುಮತಿಗೆ ಅರ್ಜಿ ಹಾಕಿ. ಆಫೀಸ್ ಲ್ಯಾಪ್‌ಟಾಪಿಂದ್ಲೇ ಹಾಕಬೇಕು."

"ಅದೇ ಸತ್ತಿದೆ ಅಂತಿದೀನಲ್ಲ!"

"ಹೌದಲ್ವಾ... ಹಾಗಾದ್ರೆ ಅದಕ್ಕೊಂದು ಟಿಕೆಟ್ ಹಾಕಿ."

ಭಾವ ಯಾರ್ಯಾರನ್ನೋ ಕೇಳಿ ನನ್ನನ್ನು ಒಂದು ರಿಪೇರಿ ಅಂಗಡಿಗೆ ಕರೆದೊಯ್ದರು. ಮೆಟ್ಟಿಲ ಕೆಳಗಿನ ಗೂಡಿನಂಥ ಜಾಗ. ಹಣೆಯ ಮೇಲೆ ಕನ್ನಡಕ ಏರಿಸಿಕೊಂಡಿದ್ದ ಹೆಂಗಸು ಲ್ಯಾಪ್‌ಟಾಪನ್ನು ತಿರುಗಿಸಿ, ಸ್ಕ್ರೂ ಮೇಲೆ ಅಂಟಿಸಿದ್ದ ಸೀಲನ್ನು ಉಗುರಿನಿಂದ ತಟ್ಟಿದಳು.

"ಇದನ್ನ ತೆಗೀಲಾ?"

"ಬೇಡ, ತಾಳಿ. ಹಾಗೇ ನೋಡಿ ಹೇಳಕ್ಕಾಗಲ್ವಾ?"

"ನಾನೇನು ಜ್ಯೋತಿಷ್ಯ ಹೇಳ್ತೀನೇನಮ್ಮ?"

ಮೇಲಧಿಕಾರಿಗೆ ಏಳು ಸಲ ಫೋನ್ ಮಾಡಿದೆ. ಎಂಟನೆಯ ಸಲ ಸಿಕ್ಕರು. "ನಿಮ್ಮ ವಿವೇಚನೆಗೆ ಬಿಟ್ಟಿದ್ದು. ಆದ್ರೆ ನಿಯಮ ಮೀರಬೇಡಿ," ಎಂದರು. ಅಡ್ಡಗೋಡೆಯ ಮೇಲೆ ದೀಪ. ಅಷ್ಟಕ್ಕೆ ಎರಡು ತಾಸು ಕಳೆದಿತ್ತು.

ಒಂದು ಹತ್ತಕ್ಕೆ ನಾನೇ ಸೀಲು ಕಿತ್ತು, ಹೊತ್ತನ್ನು ನೋಟ್‌ಬುಕ್ಕಿನಲ್ಲಿ ಬರೆದೆ.

ಅಕ್ಕಿಕಾಳಿನಷ್ಟು ಪುಟ್ಟ ಭಾಗವೊಂದು ಸುಟ್ಟಿತ್ತು. ಆಕೆ ಯಾವುದೋ ಹಳೆಯ ಬೋರ್ಡಿನಿಂದ ಅಂಥದ್ದೇ ಒಂದನ್ನು ಕಿತ್ತು ಬೆಸೆದಳು. "ಡಿಸ್ಕು ಬೋರ್ಡಿಗೇ ಬೆಸೆದಿದೆ, ಬಿಚ್ಚಿ ಬೇರೆದಕ್ಕೆ ಹಾಕಕ್ಕಾಗಲ್ಲ. ಪಕ್ಕದ್ದೂ ಬಿಸಿಯಾಗ್ತಿದೆ. ಎಷ್ಟು ಹೊತ್ತು ಓಡುತ್ತೋ ಗೊತ್ತಿಲ್ಲ. ಬೇಕಾಗಿದ್ದು ಬೇಗ ತಗೊಂಬಿಡು."

ಪರದೆ ಬೆಳಗಿತು. ಪೆನ್‌ಡ್ರೈವ್ ಚುಚ್ಚಿ ಮೊದಲನೆಯ ದಿನದ ಕಡತ ಎಳೆದು ಹಾಕಿದೆ. ಆಮೇಲೆ ಎರಡನೆಯದು.

"ಕೊನೇದು ಮೊದಲು ತಗೋಬಾರ್ದಾ?" ಎಂದರು ಭಾವ.

"ಕ್ರಮ ತಪ್ಪಿದ್ರೆ ಯಾವುದು ಬಂತು, ಯಾವುದು ಬಿಟ್ಟುಹೋಯ್ತು ಗೊತ್ತಾಗಲ್ಲ ಭಾವ. ಸುಮ್ನಿರಿ."

ಒಂಬತ್ತನೆಯದು ಮುಗಿಯಿತು. ಪರದೆ ಕಪ್ಪಾಯಿತು.

ಭಾವ ಹೊರಗೆ ಹೋಗಿ ಮೂವರಿಗೂ ಚಹಾ ತಂದರು. ಅವರು ಬೈದಿದ್ದರೆ ಚೆನ್ನಾಗಿತ್ತು.

"ಇನ್ನೊಂದು ಸಲ ನೋಡ್ತೀನಿ. ಸಂಜೆ ಆಗುತ್ತೆ. ಖಾತ್ರಿ ಕೊಡಲ್ಲ," ಎಂದಳು ಆಕೆ.

ಅಷ್ಟರಲ್ಲಿ ಕೊರಿಯರಿನವನ ಫೋನ್. "ಲಾಡ್ಜಲ್ಲಿದೀನಿ ಮೇಡಂ. ಹಳೇದು ಕೊಟ್ರೆ ಹೊಸದು. ಇಲ್ಲಾಂದ್ರೆ ವಾಪಸ್ ಹಾಕ್ತೀನಿ."

ಬಿಚ್ಚಿದ ಬೋರ್ಡು ನನ್ನ ಮುಂದೆ ಮಲಗಿತ್ತು. ಹೊಸ ಯಂತ್ರದಲ್ಲಿ ನಾಳೆಯ ಕೆಲಸವೆಲ್ಲ ಆಗುತ್ತಿತ್ತು, ನಿನ್ನೆಯದೊಂದನ್ನು ಬಿಟ್ಟು.

"ವಾಪಸ್ ಹಾಕಿ," ಎಂದೆ.

"ಆಮೇಲೆ ನನ್ನ ಮೇಲೆ ದೂರು ಹೇಳಬೇಡಿ ಮತ್ತೆ!"

ಆರೂ ಇಪ್ಪತ್ತಕ್ಕೆ ಪರದೆ ಮತ್ತೆ ಬೆಳಗಿತು. ನನ್ನ ಬೆರಳು ತಾನಾಗಿಯೇ ಹತ್ತನೆಯ ಕಡತದ ಮೇಲೆ ಹೋಗಿ ನಿಂತಿತು. ಹಿಂದಿನಿಂದ ಭಾವ ಕೆಮ್ಮಿದರು. ಬೆರಳನ್ನು ಕೆಳಗಿಳಿಸಿ ಹನ್ನೊಂದನೆಯದನ್ನು ಎಳೆದೆ. ನಾಲ್ಕು ನಿಮಿಷ. ಅದು ಬಂತು. ಹತ್ತನೆಯದು ಅರ್ಧಕ್ಕೆ ಬಂದಾಗ ಯಂತ್ರ ಸುಟ್ಟ ವಾಸನೆ ಬಿಟ್ಟು ಆರಿಹೋಯಿತು. ಇನ್ನಾಗದು ಎಂದು ಆಕೆ ಅಡ್ಡಡ್ಡ ತಲೆಯಾಡಿಸಿದಳು.

ಪೂರ್ತಿ ಭಾರದ ದಿನದ ಅಳತೆ ಕೈಯಲ್ಲಿದೆ. ಹತ್ತನೆಯ ದಿನವಿಲ್ಲದೆ ವರದಿ ಕುಂಟುತ್ತದೆ, ಆದರೆ ನಡೆಯುತ್ತದೆ.

ಫೋನಿಗೆ ಸಂದೇಶ ಬಂತು: 'ಹೊಸ ಲ್ಯಾಪ್‌ಟಾಪ್ ಕಳುಹಿಸಲಾಗಿದೆ. ನಿಮ್ಮ ಸಮಸ್ಯೆ ಬಗೆಹರಿದಿದೆ. ಟಿಕೆಟ್ ಮುಚ್ಚಲಾಗಿದೆ.'

"ಏನಂತೆ?" ಎಂದರು ಭಾವ.

"ಬಗೆಹರಿದಿದೆಯಂತೆ."

ನೋಟ್‌ಬುಕ್ ತೆರೆದು ಹತ್ತನೆಯ ದಿನದ ಮುಂದೆ 'ಇಲ್ಲ' ಎಂದು ಬರೆದೆ. ಕಾರಣ ಎಂಬ ಅಂಕಣದಲ್ಲಿ ಮೊದಲು 'ಯಂತ್ರ ದೋಷ' ಎಂದು ಬರೆದವಳು ಅದನ್ನು ಹೊಡೆದುಹಾಕಿ, ನಾನೇ ಬರೆದ ನಿಯಮದ ಸಂಖ್ಯೆಯನ್ನು ತುಂಬಿದೆ.