ಫೆತಿನ್ಯಾ ಮುತ್ತಿಟ್ಟ ಪ್ಲೈವುಡ್ ಪಟ

೧

ಎಲ್ಲಿಂದ ಶುರು ಮಾಡಲಿ, ನೀವೇ ಹೇಳಿ. ವೋಲ್ಗಾ ನದಿಯಿಂದ ಮಾಡಿದರೆ ಪ್ರವಾಸ ಕಥನವಾಗುತ್ತದೆ. ಪ್ರೇಮದಿಂದ ಮಾಡಿದರೆ ಅರ್ಸೆನಿಗೆ ಸಿಟ್ಟು ಬರುತ್ತದೆ. (ಅವನ ಸಿಟ್ಟಿಗೆ ಹೆದರಿಯೇ ಎರಡು ಡ್ರಾಫ್ಟು ಹರಿದು ಹಾಕಿದೆ. ಎಂಥ ಲೇಖಕ ನೋಡಿ!) ಹೋಗಲಿ, ಶೂಟಿಂಗಿನಿಂದಲೇ ಶುರು ಮಾಡುತ್ತೇನೆ.

೨

೧೯೬೧. ನಮ್ಮ ಸಿನಿಮಾದ ಕೊನೆಯ ಸೀನು. ಸ್ಕ್ರಿಪ್ಟು ನನ್ನದು: ದೇವರ ಹುಚ್ಚು ಹಿಡಿದ ಹಳ್ಳಿ ಹುಡುಗಿ ಪ್ರಿಯಕರನಿಗಾಗಿ ಸಂತನ ಪಟವನ್ನು ಒಲೆಗೆ ಹಾಕುತ್ತಾಳೆ. ಜನರ ತಲೆಯಿಂದ ದೇವರನ್ನು ಓಡಿಸಲು ಹೊರಟಿದ್ದ ಸೋವಿಯತ್ ಸರ್ಕಾರಕ್ಕೆ ಬೇಕಾಗಿದ್ದೂ ಅದೇ. ಆ ಪಾತ್ರಕ್ಕೆ ಊರಿನ ಹಾಲಿನ ಕೇಂದ್ರ ನೋಡಿಕೊಳ್ಳುತ್ತಿದ್ದ ಫೆತಿನ್ಯಾಳನ್ನೇ ಹಿಡಿದಿದ್ದೆವು. ಅವಳನ್ನು ಮದುವೆಯಾಗಲಿದ್ದ ಅರ್ಸೆನಿ ಊರಿನ ಕೊಮ್ಸೊಮೋಲ್ ಯುವದಳದ ಕಾರ್ಯದರ್ಶಿ. ಶೂಟಿಂಗ್ ಹೇಗೆ ನಡೆಯಿತೆಂದು ಜಿಲ್ಲೆಗೆ ವರದಿ ಬರೆಯುವವನೂ ಅವನೇ.

ಪಟ ಸ್ಟುಡಿಯೋದಲ್ಲಿ ಮಾಡಿದ್ದು, ಪ್ಲೈವುಡ್ಡಿನದು. ಸಂತನ ನಿಲುವಂಗಿಯ ನೀಲಿ ಬಣ್ಣ ಇನ್ನೂ ಒಣಗಿರಲಿಲ್ಲ. ಇದೆಲ್ಲ ಫೆತಿನ್ಯಾಳಿಗೂ ಗೊತ್ತಿತ್ತು.

೩

ಕ್ಯಾಮೆರಾ ಓಡಿತು. ಅವಳು ಮೂಲೆಯ ಪಟದ ಮುಂದೆ ನಿಂತು ಏಪ್ರನ್ನಿಗೆ ಕೈ ಒರೆಸಿಕೊಂಡಳು. ಶಿಲುಬೆಯ ಗುರುತು ಹಾಕಿಕೊಂಡಳು. ಪಟ ಇಳಿಸಿ, ಸಂತನ ನಿಲುವಂಗಿಯ ಅಂಚಿಗೆ ಮುತ್ತಿಟ್ಟು, ಆಮೇಲೆ ಒಲೆಗೆ ಹಾಕಿದಳು! ಆ ಊರಿನ ಹೆಂಗಸರು ಧೂಳು ಒರೆಸಲು ಪಟ ಇಳಿಸುವಾಗಲೂ ಹಾಗೇ ಮಾಡುತ್ತಾರೆ. ಕೈಗೆ ಅಭ್ಯಾಸ, ಏನು ಮಾಡುವುದು? ತುಟಿಗೆ ನೀಲಿ ಬಣ್ಣ ಮೆತ್ತಿಕೊಂಡಿತ್ತು.

"ಇದು ಸ್ಕ್ರಿಪ್ಟಲ್ಲಿತ್ತೇನಯ್ಯಾ ಗ್ಲೆಬ್?" ನಿರ್ದೇಶಕ ಲಾಜರ್ ಮಿರೋನೊವಿಚ್ ನನ್ನತ್ತ ತಿರುಗಿದರು.

ಅರ್ಸೆನಿಯ ಮುಖ ಬಿಳಿಚಿಕೊಂಡಿತ್ತು. "ಗ್ಲೆಬಣ್ಣ, ಇತ್ತು ಅಂದ್ರೆ ಹಾಗೇ ಬರೀತೀನಿ. ಇಲ್ಲ ಅಂದ್ರೆ ಇವಳ ಕೆಲಸ ಹೋಗುತ್ತೆ, ನಮ್ಮ ಮದುವೆ ನಿಲ್ಲುತ್ತೆ. ಬೇಗ ಹೇಳಿ, ಎಲ್ಲರೂ ನೋಡ್ತಿದಾರೆ."

ಇತ್ತು ಅಂದರೆ, ಪಟಕ್ಕೆ ಮುತ್ತಿಡಿಸಿದವನೆಂದು ಆಮೇಲೆ ಯಾರೂ ನನ್ನಿಂದ ಸ್ಕ್ರಿಪ್ಟು ಬರೆಸುವುದಿಲ್ಲ. (ನೀವಾಗಿದ್ದರೆ ಏನು ಹೇಳುತ್ತಿದ್ದಿರಿ? ಬೇಡ, ಹೇಳಬೇಡಿ.)

೪

ಈಗ ಈ ಕತೆಗೆ ನಾನು ಬರೆದ ಮುಕ್ತಾಯ ಒಂದು: ಅರ್ಸೆನಿ ವರದಿ ಹರಿದೆಸೆದು ಅವಳ ಕೈ ಹಿಡಿಯುತ್ತಾನೆ. (ಛೆ, ಸಿನಿಮಾ ಆಯಿತು. ಹೊಡೆದು ಹಾಕಿದೆ.)

ಎರಡು: ರೀಲಿಗೆ ಬೆಳಕು ಬಿದ್ದು ಹಾಳಾಗುತ್ತದೆ. ಎಲ್ಲರೂ ಪಾರು.

"ಥೂ, ಊರೆಲ್ಲಾ ಕಣ್ಣಾರೆ ನೋಡಿದೆ, ರೀಲು ಕಟ್ಕೊಂಡು ಏನಾಗ್ಬೇಕು?" ಇದು ಅರ್ಸೆನಿ, ಕಾಗದದ ಒಳಗಿನಿಂದ. ಅದನ್ನೂ ಹೊಡೆದೆ.

ಮೂರು: ಫೆತಿನ್ಯಾ ತಾನೇ ಮುಂದೆ ಬಂದು, "ನಾನೇ ಮಾಡಿದ್ದು, ಬರ್ಕೊಳ್ಳಿ" ಅನ್ನುತ್ತಾಳೆ. ಆಹಾ, ಎಂಥ ಧೀರೆ! ಇದೇ ಇರಲಿ ಎಂದು ಪೆನ್ನಿಗೆ ಮುಚ್ಚಳ ಹಾಕಿದೆ.

"ತೆಗಿ ಮುಚ್ಚಳ," ಎಂದಳು ಫೆತಿನ್ಯಾ. "ನಾನ್ಯಾಕೆ ಹೇಳ್ಲಿ? ಅವ್ರು ಕೇಳಿದ್ದು ನಿನ್ನನ್ನ."

"ನಂಗೂ ಹೆಂಡ್ತಿ ಮಕ್ಕಳಿದಾರೆ ತಂಗೀ..."

"ನಂಗಿನ್ನೂ ಮದುವೆ ಆಗ್ಬೇಕಿತ್ತು, ಅಷ್ಟೇ. ಮೂರು ಸಲ ಬರೆದ್ಯಲ್ಲ ಅಣ್ಣಾ, ಒಂದ್ರಲ್ಲೂ ನೀನು ಬಾಯೇ ಬಿಟ್ಟಿಲ್ಲ."

೫

ಅವತ್ತು ನಿಜವಾಗಿ ಏನಾಯಿತೆಂದು ಕೇಳಬೇಡಿ. ನಾಚಿಕೆಯಾಗುತ್ತದೆ.

ನಾಲ್ಕನೆಯ ಮುಕ್ತಾಯದಲ್ಲಿ ಲಾಜರ್ ಮಿರೋನೊವಿಚ್ ಮತ್ತೆ ಅದೇ ಪ್ರಶ್ನೆ ಕೇಳುತ್ತಾರೆ. ನಾನು ಕುರ್ಚಿಯಿಂದ ಎದ್ದು ನಿಲ್ಲುತ್ತೇನೆ. ಮೂವತ್ತು ವರ್ಷಗಳಲ್ಲಿ ಬರೆಯಲು ಆಗಿರುವುದು ಇಷ್ಟೇ.